ಕಪ್ಪಾಗದ ಬಾಟ್ಲಿ

ಕರೆಕೊಪ್ಪ, ಕಿತ್ತೂರು ತಾಲೂಕು
26 ಮಾರ್ಚ್ 2025

ಅಕ್ಕಾ,

ಸಂಜೆ ಏಳು ಗಂಟೆ. ಇವತ್ತು ಸಮುದಾಯ ಭವನದ ಹಿಂದಿನ ನಳಕ್ಕೆ ಕೆಂಪು ಬಣ್ಣ ಹಚ್ಚಿದೆ. ಪಂಚಾಯಿತಿಯಿಂದ ಬರಬೇಕಾದ ಆಳು ಬರಲಿಲ್ಲ, ಹಾಗಾಗಿ ಡಬ್ಬಿ ಹಿಡಿದವಳೂ ನಾನೇ, ಬ್ರಷ್ ಹಿಡಿದವಳೂ ನಾನೇ. ಆ ನಳದ ನೀರು ತುಂಬಿಟ್ಟ ಪರೀಕ್ಷೆಯ ಬಾಟ್ಲಿ ಎರಡನೆಯ ಸಲವೂ ಕಪ್ಪಾಯಿತು. ಕಪ್ಪಾದರೆ ನೀರಿನಲ್ಲಿ ಹೊಲಸು ಸೇರಿದೆ; ಎರಡು ಸಲ ಕಪ್ಪಾದರೆ ಆ ನಳ ಕುಡಿಯಲು ಬಾರದು, ಕೆಂಪು ಹಚ್ಚಿ ಮೇಲಕ್ಕೆ ತಿಳಿಸಬೇಕು. ನೀರು ಪರೀಕ್ಷೆಯ ತರಬೇತಿಯಲ್ಲಿ ನಮ್ಮಿಬ್ಬರಿಗೂ ಹೇಳಿದ್ದು ಇಷ್ಟೇ.

ಹಣಮಂತಪ್ಪ ಕಾಕಾ ಕಟ್ಟೆಯ ಮೇಲೆ ಕುಳಿತು ಕೂಗಿದ. "ಬಂದ್ಳು ನೋಡ್ರಪಾ ಕರಿಬಾಟ್ಲಿ ಯಶೋಧಾ. ನೀ ಮುಟ್ಟಿದ್ದೆಲ್ಲಾ ಕರ್ರಗ ಆಗತೈತಲ್ಲವಾ. ನಮ್ಮ ಎಮ್ಮಿ ಒಂದು ಮುಟ್ಟಬ್ಯಾಡ." ಎಲ್ಲರೂ ನಕ್ಕರು. ಎಮ್ಮೆ ಮೊದಲೇ ಕಪ್ಪಗಿದೆಯಲ್ಲ ಎಂಬ ಉತ್ತರ ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ನಿನಗಾಗಿದ್ದರೆ ಅಲ್ಲೇ ಹೊಳೆಯುತ್ತಿತ್ತು.

ಶನಿವಾರ ರಾಮದುರ್ಗದಲ್ಲಿ ನಿನಗೆ ಶಾಲು ಹೊದಿಸಿದ ಫೋಟೋವನ್ನು ನಮ್ಮ ಪಂಚಾಯಿತಿ ಅಧಿಕಾರಿ ಶೈಲಜಾ ಮೇಡಂ ತೋರಿಸಿದರು. "ನಿಮ್ಮ ಅಕ್ಕಾರು ಅಲ್ಲೇನ್ರಿ? ಇಡೀ ವರ್ಷದಾಗ ಒಂದೂ ಬಾಟ್ಲಿ ಕಪ್ಪಾಗಿಲ್ಲಂತ. ನೀವೂ ಒಂದೀಟು ಕಲೀರಿ." ನಾನು ಹೂಂ ಅಂದೆ. ಫೋಟೋದಲ್ಲಿ ನಿನ್ನ ಮುಂದಿನ ಮೇಜಿನ ಮೇಲೆ ಪರೀಕ್ಷೆಯ ಪೆಟ್ಟಿಗೆ ಇತ್ತು. ಅದರ ಪಕ್ಕದಲ್ಲಿ ಅವ್ವನ ತಾಮ್ರದ ತಂಬಿಗೆ ಇತ್ತು. ಸಭೆಗೆ ಅದನ್ನು ಯಾಕೆ ಒಯ್ದಿದ್ದೆ?

ಇದನ್ನು ಫೋನಿನಲ್ಲೂ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರ ಬಾಯಿ ದೊಡ್ಡದಾಗುತ್ತದೆ, ಇನ್ನು ಮೇಲೆ ಬರೆಯೋಣ ಎಂದು ಅವ್ವನ ಕಾರ್ಯವಾದ ವಾರ ನೀನೇ ಹೇಳಿದ್ದೆ.

ನಿನ್ನ ತಂಗಿ
ಯಶೋಧಾ


ಹುಣಸಿಗುಂಡಿ, ರಾಮದುರ್ಗ ತಾಲೂಕು
4 ಏಪ್ರಿಲ್ 2025

ತಂಗೀ,

ಗಂಟೆ ಎಷ್ಟು ಎಂದು ನಾನು ಬರೆಯುವುದಿಲ್ಲ. ಸಣ್ಣವಳಿದ್ದಾಗಿನಿಂದ ನಿನಗೆ ಅದೊಂದು ಚಟ. ನೋಟಬುಕ್ಕಿನಲ್ಲಿ "ಸಂಜೆ ಐದು, ಅಕ್ಕ ನನ್ನ ಬಳಪ ಕದ್ದಳು" ಎಂದು ಬರೆದಿದ್ದೆಯಲ್ಲ, ನನಗೆ ನೆನಪಿದೆ.

ಶಾಲು ಚೆನ್ನಾಗಿದೆ. ಆದರೆ ಈ ಬಿಸಿಲಿನಲ್ಲಿ ಶಾಲು ಹೊದಿಸುವವರ ತಲೆಗೆ ಏನು ಹೇಳುವುದು. ನಮ್ಮ ಮನೆಯವರು ನೋಡಿ, "ಇದನ್ನ ಎತ್ತಿಗೆ ಹಾಕೂಣೇನು ಕಾರಹುಣ್ಣಿಮಿಗೆ?" ಅಂದರು. ಒಳಗೊಳಗೆ ಅವರಿಗೂ ಹೆಮ್ಮೆ. ತೊರಗಲ್ಲದ ಸಂತೆಯಲ್ಲಿ ಜನ ಗುರುತು ಹಿಡಿದು ಮಾತನಾಡಿಸುತ್ತಾರೆ. ಗುಡ್ಡದ ಕೋಟೆಯನ್ನು ಬಿಟ್ಟರೆ ಈ ಸುತ್ತಿನಲ್ಲಿ ನಾನೇ ಪ್ರಸಿದ್ಧಿ!

ತಂಬಿಗೆಯನ್ನು ಯಾಕೆ ಒಯ್ದೆ ಎಂದು ಕೇಳಿದ್ದೀ. ಅವ್ವ ನೋಡಲಿ ಎಂದು ಒಯ್ದೆ. ಕೊಟ್ಟವಳು ಅವಳು, ಪಡೆದವಳು ನಾನು. ಅದರಲ್ಲಿ ಕೇಳುವುದೇನಿದೆ?

ನಿನ್ನ ಬಾಟ್ಲಿಗಳು ಕಪ್ಪಾಗುವುದಕ್ಕೆ ನೀನು ಬೇಸರ ಮಾಡಿಕೊಳ್ಳಬೇಡ. ಕೆಲವರ ಕೈಗುಣ ಹಾಗಿರುತ್ತದೆ. ಹುಡುಗಿಯಾಗಿದ್ದಾಗಲೂ ನೀನು ಹೆಪ್ಪು ಹಾಕಿದರೆ ಮೊಸರು ಒಡೆಯುತ್ತಿತ್ತು.

ಇವರಿಗೆ ಮೂರು ದಿನ ಹೊಟ್ಟೆ ಕೆಟ್ಟಿತ್ತು, ಯಾವುದೋ ಮದುವೆಯ ಊಟ. ಈಗ ಆರಾಮ. ನಾನಂತೂ ಕಲ್ಲು ತಿಂದರೂ ಅರಗಿಸುತ್ತೇನೆ.

ದುರ್ಗಾ


ಕರೆಕೊಪ್ಪ
30 ಏಪ್ರಿಲ್ 2025

ಅಕ್ಕಾ,

ಮಧ್ಯಾಹ್ನ ಮೂರು ಗಂಟೆ. ಇವತ್ತು ನಳಕ್ಕೆ ಹಚ್ಚಿದ್ದ ಕೆಂಪನ್ನು ಅಳಿಸಿದೆ. ಅಳಿಸಿದ್ದು ಮಾತ್ರ ಒಂದು ಗಂಟೆಯ ಕೆಲಸ, ಉಳಿದದ್ದಕ್ಕೆ ಒಂದು ತಿಂಗಳು ಹಿಡಿಯಿತು.

ನೀರು ಬಿಡುವ ಬಸಯ್ಯನನ್ನು ಕರೆದುಕೊಂಡು ನೀರಿನ ಟಾಕಿಯಿಂದ ಶುರು ಮಾಡಿ ಒಂದೊಂದೇ ನಳದ ನೀರು ನೋಡುತ್ತ ಹೋದೆ. ಟಾಕಿಯ ಬುಡದಲ್ಲಿ ಬಾಟ್ಲಿ ತಿಳಿಯಾಗಿತ್ತು. ಊರ ಅಗಸಿ ಬಾಗಿಲಲ್ಲೂ ತಿಳಿ. ಹಣಮಂತಪ್ಪ ಕಾಕಾನ ಮನೆ ದಾಟಿದ ಮೇಲೆ ಕಪ್ಪು. ಅಗೆದು ನೋಡಿದರೆ ಪೈಪು ಗಟಾರದೊಳಗಿಂದ ಹಾಯ್ದಿತ್ತು, ಬೆರಳು ತೂರುವಷ್ಟು ಸೀಳಿತ್ತು. ಮೇಲೆ ಕಾಕಾನ ಎಮ್ಮೆ ಕಟ್ಟುವ ಗೂಟ. ಗೂಟ ಹೊಡೆಯುವಾಗಲೇ ಪೈಪು ಒಡೆದಿದೆ. ಆರು ದಿನ ಆ ಓಣಿಗೆ ನೀರು ಬಂದ್ ಮಾಡಿಸಿದೆ. ಹೆಂಗಸರು ಖಾಲಿ ಕೊಡ ತಂದು ನನ್ನ ಬಾಗಿಲ ಮುಂದೆ ಸಾಲಾಗಿ ಇಟ್ಟು ಹೋದರು. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪೈಪು ಬದಲಾಯಿತು, ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಿಸಿದೆ, ಎರಡು ಬಾಟ್ಲಿ ತಿಳಿಯಾಗಿಯೇ ಉಳಿದವು. ಶೈಲಜಾ ಮೇಡಂ ನೋಡಿ "ಹಾಂ, ಆತಲ್ಲ" ಅಂದರು. ಶಾಲು ಬರಲಿಲ್ಲ. ನಾನು ಶಾಲಿಗಾಗಿ ಮಾಡಿದ್ದಲ್ಲ. ಆದರೂ ಬರೆಯುತ್ತಿದ್ದೇನೆ, ನೋಡು.

ಅಕ್ಕಾ, ಒಂದು ಮಾತು. ಅವ್ವನನ್ನು ಮೂರು ವರ್ಷ ತೊಳೆದದ್ದು ನಾನು. ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದ್ದು ನಾನು. ನೀನು ಕೊನೆಗೆ ಒಂದು ದಿನ ಬಂದೆ. ಅವ್ವ ಮಲಗಿದಲ್ಲಿಂದಲೇ, "ಯಶೋಧೀ, ಆ ತಂಬಿಗಿ ಇಳಿಸು, ಅರಿವ್ಯಾಗ ಕಟ್ಟು, ದುರ್ಗೀಗೆ ಕೊಡು" ಅಂದಳು. ನನ್ನ ಕೈಯಿಂದಲೇ ಕಟ್ಟಿಸಿದಳು. ಆಮೇಲೆ ನಿನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ನೀನು ತಲೆಯಾಡಿಸಿದೆ. ನಿನ್ನ ಗಂಡ ವಿರೂಪಾಕ್ಷ ಮಾವ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದರು. ನಾನು ಅವ್ವನ ಕಾಲ ಬಳಿ ಇದ್ದೆ. ಮೂರು ವರ್ಷದಲ್ಲಿ ನನ್ನ ಕಿವಿಯಲ್ಲಿ ಅವಳು ಒಂದು ಮಾತೂ ಹೇಳಿದ್ದಿಲ್ಲ. ಏನು ಬೇಕಾದರೂ ಗಟ್ಟಿಯಾಗಿಯೇ ಕೇಳುತ್ತಿದ್ದಳು: ನೀರು, ಗಂಜಿ, ಮಗ್ಗುಲು ಬದಲಿಸು.

ಅವಳು ಏನು ಹೇಳಿದಳು ಎಂದು ನಾನು ಕೇಳುವುದಿಲ್ಲ. ನೀನು ಪರೀಕ್ಷೆಯನ್ನು ಹೇಗೆ ಮಾಡುತ್ತೀ, ಅದನ್ನು ಮಾತ್ರ ಹೇಳು. ಯಾವ ನಳದ ನೀರು, ಎಷ್ಟು ಹೊತ್ತಿಗೆ, ಯಾವುದರಲ್ಲಿ ಹಿಡಿಯುತ್ತೀ? ಕಲಿಯಬೇಕೆಂದೇ ಕೇಳುತ್ತಿದ್ದೇನೆ.

ಯಶೋಧಾ


ಹುಣಸಿಗುಂಡಿ
10 ಮೇ 2025

ತಂಗೀ,

ಅಂತೂ ಕೇಳಿದೆಯಲ್ಲ! ಕೇಳಿದರೆ ನಾನು ಮುಚ್ಚಿಡುವವಳಲ್ಲ.

ನಮ್ಮ ಕೊನೆಯ ಓಣಿಯ ನಳ ಕಂಡರೆ ನೀನು ಮೂಗು ಮುಚ್ಚುತ್ತೀ. ನಾಯಿ ನೆಕ್ಕುತ್ತವೆ, ಹುಡುಗರು ಕೆಸರುಗೈಯಲ್ಲಿ ತಿರುಗಿಸುತ್ತಾರೆ. ಅಂಥ ನಳಕ್ಕೆ ಸರಕಾರದ ಬಾಟ್ಲಿಯನ್ನು ಸೀದಾ ಹಿಡಿಯಲು ನನಗೆ ಮನಸ್ಸು ಬರುವುದಿಲ್ಲ. ಗಂಗೆಯನ್ನು ಪರೀಕ್ಷೆ ಮಾಡುವವರು ಮೊದಲು ತಾವು ಮಡಿಯಾಗಿರಬೇಡವೇ? ನಾನು ಹಿಂದಿನ ಸಂಜೆ ಅವ್ವನ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕುತ್ತೇನೆ. ನಳದಿಂದ ತುಂಬಿಕೊಂಡು ಬಂದು ಅವ್ವನ ಫೋಟೋದ ಮುಂದೆ ಇಡುತ್ತೇನೆ. ಬೆಳಿಗ್ಗೆ ಸ್ನಾನ ಮಾಡಿ, ಕೈಮುಗಿದು, ತಂಬಿಗೆಯಿಂದ ಬಾಟ್ಲಿಗೆ ಹನಿ ಚೆಲ್ಲದ ಹಾಗೆ ತುಂಬುತ್ತೇನೆ. ಅಷ್ಟು ಸ್ವಚ್ಛವಾಗಿ ಮಾಡಿದರೆ ಯಾಕೆ ಕಪ್ಪಾಗುತ್ತದೆ? ವರ್ಷದಿಂದ ಒಂದೂ ಆಗಿಲ್ಲ.

ಇನ್ನುಳಿದದ್ದು ಅವ್ವನ ಆಶೀರ್ವಾದ. ನೀನು ಅವಳನ್ನು ತೊಳೆದದ್ದು ಊರಿಗೆಲ್ಲ ಗೊತ್ತು. ಆದರೆ ಹಿರಿಯ ಮಗಳು ಹಿರಿಯ ಮಗಳೇ.

ಕೊನೆಯ ಓಣಿಯ ಉಮಾಶ್ರೀ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ಏಳು ತಿಂಗಳು. ಪಾಪ, ಕಣ್ಣು ಹಳದಿಯಾಗಿವೆ. ಕಾಮಣಿ ಎಂದು ಔಷಧಿ ಕುಡಿಸಿದ್ದಾರೆ. ಅವಳಿಗಿಂತ ಮೊದಲು ಅದೇ ಓಣಿಯಲ್ಲಿ ಇಬ್ಬರಿಗೆ ಆಗಿತ್ತು. ಬಿಸಿಲು ಬಹಳ ಈ ಸಲ.

ಜೂನ್ 8ಕ್ಕೆ ಅವ್ವನ ವರ್ಷದ ಪೂಜೆ ಇಲ್ಲಿ ನಮ್ಮ ಮನೆಯಲ್ಲಿ. ಬಾ.

ದುರ್ಗಾ


ಕರೆಕೊಪ್ಪ
17 ಮೇ 2025

ಅಕ್ಕಾ,

ಬೆಳಿಗ್ಗೆ ಹತ್ತು ಗಂಟೆ. ಎರಡು ದಿನ ಒಂದು ಕೆಲಸ ಮಾಡಿ, ಮುಗಿದ ಮೇಲೆ ಈ ಪತ್ರ ಹಿಡಿದಿದ್ದೇನೆ.

ಪಕ್ಕದ ಮನೆಯ ಸೋಮವ್ವನ ಹತ್ತಿರ ಒಂದು ತಾಮ್ರದ ತಂಬಿಗೆ ಕೇಳಿ ತಂದೆ. "ಕರ್ರಗ ಮಾಡಿ ತಂದೀ ಮತ್ತ, ಯವ್ವಾ" ಎಂದು ನಕ್ಕು ಕೊಟ್ಟಳು. ಊರ ಹೊರಗಿನ ಹಳೆಯ ಬಾವಿಯ ನೀರು ತಂದೆ. ಅದನ್ನು ಈಗ ಯಾರೂ ಕುಡಿಯುವುದಿಲ್ಲ, ಅದರಲ್ಲಿ ಕಪ್ಪೆ ಈಜುವುದು ಕಾಣುತ್ತದೆ. ಒಂದು ಬಾಟ್ಲಿಗೆ ಆ ನೀರನ್ನು ಸೀದಾ ತುಂಬಿದೆ. ಉಳಿದದ್ದನ್ನು ಸೋಮವ್ವನ ತಂಬಿಗೆಯಲ್ಲಿ, ನೀನು ಮಾಡುವ ಹಾಗೆಯೇ, ಸಂಜೆಯಿಂದ ಬೆಳಗಿನವರೆಗೆ ಇಟ್ಟು ಎರಡನೆಯ ಬಾಟ್ಲಿಗೆ ತುಂಬಿದೆ.

ಸೀದಾ ತುಂಬಿದ್ದು ಒಂದೇ ದಿನದಲ್ಲಿ ಕಪ್ಪಾಯಿತು. ತಂಬಿಗೆಯ ನೀರಿನದು ಇನ್ನೂ ತಿಳಿಯಾಗಿದೆ.

ತಾಮ್ರ ಹೊಲಸಿನ ಹುಳಗಳನ್ನು ಸಾಯಿಸುತ್ತದೆ, ಅಕ್ಕಾ. ನೀನು ವರ್ಷವಿಡೀ ಪರೀಕ್ಷೆ ಮಾಡಿದ್ದು ಅವ್ವನ ತಂಬಿಗೆಯನ್ನು, ನಿಮ್ಮ ನಳದ ನೀರನ್ನಲ್ಲ. ಊರಿನವರ ಮನೆಯಲ್ಲಿ ಆ ತಂಬಿಗೆ ಇಲ್ಲ. ಅವರು ನಳದ್ದನ್ನೇ ಕುಡಿಯುತ್ತಾರೆ.

ಎರಡು ಬಾಟ್ಲಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ನನಗೆ ಮೊದಲು ಏನಾಯಿತು ಎಂದು ಬರೆದುಬಿಡುತ್ತೇನೆ. ಖುಷಿಯಾಯಿತು. ಹಬ್ಬದ ದಿನ ಆಗುವಂಥ ಖುಷಿ. ನಿನ್ನ ಶಾಲು ಜಾರುವುದು ಕಣ್ಣಿಗೆ ಕಂಡಿತು. ಉಮಾಶ್ರೀ ನೆನಪಾದದ್ದು ಆಮೇಲೆ. ಬಸುರಿಗೆ ನೀರಿನಿಂದ ಕಾಮಣಿ ಬಂದರೆ ತಾಯಿ ಮಗು ಇಬ್ಬರಿಗೂ ಗಂಡಾಂತರ ಎಂದು ತರಬೇತಿಯಲ್ಲಿ ಹೇಳಿದಾಗ ನೀನು ನನ್ನ ಪಕ್ಕದಲ್ಲೇ ಕುಳಿತಿದ್ದೆ. ಅವಳನ್ನು ದೊಡ್ಡ ಆಸ್ಪತ್ರೆಗೆ ಒಯ್ಯಲು ಹೇಳು. ನೀರು ಕಾಯಿಸಿ ಕುಡಿಯಲಿ. ನೀನು ಕೊನೆಯ ನಳಕ್ಕೆ ಬಾಟ್ಲಿಯನ್ನು ಸೀದಾ ಹಿಡಿ. ನಾಳೆಯೇ ಹಿಡಿ.

ಯಶೋಧಾ


ಹುಣಸಿಗುಂಡಿ
23 ಮೇ 2025

ಯಶೋಧಾ,

ನಿನಗೆ ತಂಬಿಗೆ ಸಿಗಲಿಲ್ಲ, ಅದಕ್ಕೇ ತಂಬಿಗೆಯ ಮೇಲೆಯೇ ತಪ್ಪು ಹೊರಿಸಿದೆ. ನನಗೆ ಶಾಲು ಸಿಕ್ಕಿತು, ಅದಕ್ಕೇ ಶಾಲು ಜಾರಿಸಲು ಹೊರಟೆ. ನೀನೇ ಬರೆದಿದ್ದೀಯಲ್ಲ, ಖುಷಿಯಾಯಿತು ಎಂದು. ಓದಿ ಇವರು ಅಂದದ್ದು ಒಂದೇ ಮಾತು: "ಒಡಹುಟ್ಟಿದಾಕೀ ಹೊಟ್ಟಿಕಿಚ್ಚಿಗೆ ಬ್ಲೀಚಿಂಗ್ ಪುಡಿ ಇಲ್ಲ."

ಕಪ್ಪೆಯ ಬಾವಿ ನಮ್ಮೂರಿನಲ್ಲಿಲ್ಲ. ತಂಬಿಗೆಯ ನೀರನ್ನು ನಾನು ದಿನಾಲೂ ಕುಡಿಯುತ್ತೇನೆ, ಒಂದು ದಿನವೂ ಮಲಗಿದವಳಲ್ಲ. ಉಮಾಶ್ರೀಯ ವಿಷಯ ಅವಳ ತವರಿನವರು ನೋಡಿಕೊಳ್ಳುತ್ತಾರೆ.

ಅವ್ವ ನನ್ನ ಕಿವಿಯಲ್ಲಿ ಹೇಳಿದ್ದು ನನ್ನ ಹತ್ತಿರವೇ ಇರಲಿ. ವರ್ಷದ ಪೂಜೆಗೆ ನೀನು ಬರುವುದು ಬೇಡ.

ದುರ್ಗಾ


ಕರೆಕೊಪ್ಪ
27 ಮೇ 2025

ಅಕ್ಕಾ,

ಸಂಜೆ ಆರು ಗಂಟೆ. ಇವತ್ತು ಎರಡು ಬಾಟ್ಲಿ ತುಂಬಿಟ್ಟೆ, ನಮ್ಮ ಅಂಗನವಾಡಿಯ ನಳದ್ದು ಮತ್ತು ಅಗಸಿಯದು. ಮನೆಗೆ ಬಂದಾಗ ನಿನ್ನ ಪತ್ರ ಬಂದಿತ್ತು.

ಹೊಟ್ಟೆಕಿಚ್ಚು ಇಲ್ಲ ಎಂದು ನಾನು ಹೇಳುವುದಿಲ್ಲ. ಇದೆ. ಅವ್ವ ಹೋದ ದಿನದಿಂದ ಇದೆ, ಅದಕ್ಕೂ ಮೊದಲೂ ಇತ್ತು. ಅವ್ವನನ್ನು ನೆನೆದು ಅಳಲು ಕುಳಿತರೂ ಮೊದಲು ತಂಬಿಗೆಯೇ ಕಣ್ಣಿಗೆ ಬರುತ್ತದೆ, ಅವ್ವ ಆಮೇಲೆ ಬರುತ್ತಾಳೆ. ಹೊಟ್ಟೆಕಿಚ್ಚಿನವಳು ಹೇಳಿದಳೆಂದು ನಿಮ್ಮ ನೀರು ಶುದ್ಧವಾಗುವುದಿಲ್ಲ.

ಶನಿವಾರ 31ರವರೆಗೆ ಕಾಯುತ್ತೇನೆ. ಅಷ್ಟರೊಳಗೆ ನೀನೇ ಸೀದಾ ನಳಕ್ಕೆ ಬಾಟ್ಲಿ ಹಿಡಿದು ನೋಡಿ, ಬಂದದ್ದನ್ನು ನಿಮ್ಮ ಪಂಚಾಯಿತಿಗೆ ಹೇಳು. ಹೇಳದಿದ್ದರೆ ರಾಮದುರ್ಗದ ನೀರಿನ ಕಚೇರಿಗೆ ನಾನು ಬರೆಯುತ್ತೇನೆ, ನಿನ್ನ ಹೆಸರು ಹಾಕಿ.

ಯಶೋಧಾ


ಹುಣಸಿಗುಂಡಿ
1 ಜೂನ್ 2025

ಯಶೋಧೀ,

ಟಪಾಲಿಗೆ ಹಾಕಿದರೆ ತಡವಾಗುತ್ತದೆ ಎಂದು ಕಿತ್ತೂರು ಬಸ್ಸಿನ ಕಂಡಕ್ಟರ್ ಸುಭಾಸನ ಕೈಯಲ್ಲಿ ಕೊಟ್ಟಿದ್ದೇನೆ. ಜೊತೆಗೆ ಒಂದು ಗಂಟು ಇದೆ. ಓದಿದ ಮೇಲೆ ಬಿಚ್ಚು.

ಗುರುವಾರ ನಿನ್ನ ಪತ್ರ ಬಂತು. ಹರಿದು ಒಲೆಗೆ ಹಾಕಿದೆ. ಆಮೇಲೆ, ನಿನ್ನ ಬಾಯಿ ಮುಚ್ಚಿಸಬೇಕೆಂದೇ ಬಾಟ್ಲಿ ಹಿಡಿದು ಕೊನೆಯ ಓಣಿಗೆ ಹೋದೆ. ಮಡಿ ಇಲ್ಲ, ಏನಿಲ್ಲ, ಸೀದಾ ನಳಕ್ಕೆ ಹಿಡಿದೆ. ಶುಕ್ರವಾರ ಮಧ್ಯಾಹ್ನ ತೆಗೆದು ನೋಡಿದರೆ ಕಾಡಿಗೆಯ ಡಬ್ಬಿಯ ಹಾಗಿತ್ತು. ಇನ್ನೊಂದು ತುಂಬಿದೆ. ಶನಿವಾರ ಬೆಳಗಾಗುವಷ್ಟರಲ್ಲಿ ಅದೂ ಕಪ್ಪು.

ಎರಡೂ ಬಾಟ್ಲಿ ಸೆರಗಿನಲ್ಲಿ ಕಟ್ಟಿಕೊಂಡು ಪಂಚಾಯಿತಿಗೆ ಹೋದೆ. ಅಧ್ಯಕ್ಷರು, "ಏನ್ರಿ ದುರ್ಗವ್ವಾರ, ಮೊನ್ನೆ ಅಷ್ಟ ಶಾಲು ಹೊಚ್ಚಿದ್ರು, ಇವತ್ತ ಇದೇನು?" ಅಂದರು. ನಾನು, "ಶಾಲೂ ತಂದೇನ್ರಿ, ಬೇಕಾದ್ರ ಒಡದ ಪೈಪಿಗೆ ಸುತ್ತ್ರಿ" ಅಂದೆ. ಯಾರೂ ನಗಲಿಲ್ಲ. ನನಗೆ ಅಳು ಬಂತು. ನಳಕ್ಕೆ ಕೆಂಪು ಹಚ್ಚಿದೆ. ಟ್ಯಾಂಕರ್ ನೀರು ತರಿಸುತ್ತಿದ್ದಾರೆ. ಉಮಾಶ್ರೀಯನ್ನು ಬೆಳಗಾವಿಗೆ ಒಯ್ದರು. ಮಗು ಅಲುಗಾಡುತ್ತಿದೆಯಂತೆ. ಅವಳ ಬಗ್ಗೆ ಇನ್ನೂ ಏನೂ ಹೇಳಲು ಬರುವುದಿಲ್ಲ ಎಂದಿದ್ದಾರೆ. ಅವಳ ತಾಯಿ ನನ್ನ ಮುಖ ನೋಡುವುದಿಲ್ಲ.

ಈಗ ಕಿವಿಯ ಮಾತು. ನೀನು ಕೇಳುವುದಿಲ್ಲ ಎಂದೆ. ನಾನೇ ಹೇಳುತ್ತೇನೆ. ಅವ್ವ ಹಾಸಿಗೆ ಹಿಡಿಯುವ ಮೊದಲು ನಮ್ಮಲ್ಲಿಗೆ ಬಂದಾಗ ಎಂಟು ದಿನ ವಾಂತಿ ಭೇದಿ ಆಗಿತ್ತು. ನಿನಗೆ ಹೇಳಬೇಡ ಎಂದಿದ್ದಳು, ನೀನು ನನ್ನನ್ನು ಬೈಯುತ್ತೀ ಎಂದು. ಆ ಕೊನೆಯ ದಿನ ಅವಳು ಕಿವಿಯಲ್ಲಿ ಹೇಳಿದ್ದು ಇಷ್ಟು: "ನಿಮ್ಮೂರ ನೀರು ಚಲೋ ಇಲ್ಲವ್ವಾ. ಸಂಜಿಕೆ ಇದರಾಗ ತುಂಬಿಟ್ಟು ಮುಂಜಾನೆ ಕುಡಿ." ಇವರು ಬಾಗಿಲಲ್ಲಿ ನಿಂತಿದ್ದರಲ್ಲ. ಅಳಿಯನ ಎದುರಿಗೆ ಅವನ ಊರಿನ ನೀರು ಕೆಟ್ಟದ್ದು ಎಂದು ಯಾವ ಅತ್ತೆ ಗಟ್ಟಿಯಾಗಿ ಹೇಳುತ್ತಾಳೆ? ಅದಕ್ಕೇ ಕಿವಿಯಲ್ಲಿ ಹೇಳಿದಳು. ಆಶೀರ್ವಾದವಲ್ಲ, ಏನೂ ಅಲ್ಲ.

ನಾನು ಅದನ್ನು ಮುದುಕಿಯ ಮಾತು ಎಂದುಕೊಂಡೆ. ಕುಡಿಯಲು ಮಾತ್ರ ಅವಳು ಹೇಳಿದ ಹಾಗೆಯೇ ಕುಡಿದೆ. ಎಲ್ಲರಿಗೂ ಹಿರಿಯ ಮಗಳೆಂದು ಕೊಟ್ಟಳು ಎಂದೆ. ನನ್ನ ಮಾತನ್ನು ನಾನೇ ನಂಬಿದೆ. ನೀನು ಅವಳ ಹತ್ತಿರ ಮೂರು ವರ್ಷ ಇದ್ದೆ. ನನಗೆ ಇದ್ದದ್ದು ಆ ತಂಬಿಗೆ ಒಂದೇ, ಯಶೋಧೀ. ನಿನ್ನನ್ನು ನೋಡಿ ನನಗೆ ಎಷ್ಟು ಉರಿಯುತ್ತಿತ್ತು ಎಂದು ನೀನು ಒಂದು ದಿನವಾದರೂ ಯೋಚಿಸಿದ್ದೀಯಾ?

ನಿನ್ನ ಶನಿವಾರ ಮುಗಿಯುವ ಮೊದಲೇ ನಾನು ಬಾಯಿ ಬಿಟ್ಟೆ. ಇನ್ನು ನೀನು ಬರೆಯುವುದು ಬೇಡ. ಆ ಒಂದು ಮರ್ಯಾದೆ ನನಗೆ ಉಳಿಯಲಿ.

ಗಂಟಿನಲ್ಲಿ ತಂಬಿಗೆ ಇದೆ. ಇಟ್ಟುಕೋ. ಎಂಟಕ್ಕೆ ಬಾ.

ನಿನ್ನ ಅಕ್ಕ


ಕರೆಕೊಪ್ಪ
3 ಜೂನ್ 2025

ಅಕ್ಕಾ,

ಸಂಜೆ ಐದು ಗಂಟೆ. ಇವತ್ತು ಮಧ್ಯಾಹ್ನ ಸುಭಾಸ ಗಂಟು ತಂದುಕೊಟ್ಟ. ನಾನು ಕಟ್ಟಿದ ಅದೇ ಬಟ್ಟೆ, ಹಸಿರು ಅಂಚಿನದು. ಬಿಚ್ಚಿ, ನೀರು ತುಂಬಿ, ಹಾಗೇ ಎತ್ತಿ ಕುಡಿದೆ. ನೀರು ನೀರಿನ ಹಾಗೆಯೇ ಇತ್ತು.

ಕಾಂತೇಶ ಕೆಲಸದಿಂದ ಬಂದವನು ನೋಡಿ, "ಅಂತೂ ಬಂತಲ್ಲ ನಿನ್ನ ಸವತಿ" ಅಂದ. ನನ್ನ ಗಂಡನಿಗೆ ಮಾತು ಕಡಿಮೆ, ಆಡಿದರೆ ಇಂಥದ್ದು.

ಅವ್ವ ಕಿವಿಯಲ್ಲಿ ಹೇಳಿದ್ದನ್ನು ನಾಲ್ಕು ಸಲ ಓದಿದೆ. ಓದಿದರೆ ಕಿಚ್ಚು ಆರುತ್ತದೆ ಎಂದುಕೊಂಡಿದ್ದೆ. ಆರಲಿಲ್ಲ. ಕೊನೆಯ ದಿನವೂ ಅವಳಿಗೆ ನಿನ್ನ ಹೊಟ್ಟೆಯ ಚಿಂತೆಯಿತ್ತಲ್ಲ ಎಂದು ಇನ್ನೊಂದು ಕಡೆ ಹೊತ್ತಿಕೊಂಡಿತು. ನಾನು ಇಂಥವಳು.

ಈಗ ನಾನು ಮುಚ್ಚಿಟ್ಟದ್ದು. ಶನಿವಾರದವರೆಗೆ ಕಾಯುತ್ತೇನೆ ಎಂದು ಬರೆದೆನಲ್ಲ, ಕಾಯಲಿಲ್ಲ. ಅದೇ ಸಂಜೆ, ಅದೇ ಪೆನ್ನಿನಿಂದ ರಾಮದುರ್ಗದ ಕಚೇರಿಗೂ ಬರೆದೆ. ಎರಡೂ ಪತ್ರಗಳನ್ನು ಒಂದೇ ಡಬ್ಬಿಗೆ ಹಾಕಿದೆ. ಉಮಾಶ್ರೀಗಾಗಿ ಅವಸರ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಅವಳಿಗಾಗಿಯೇ ಆಗಿದ್ದರೆ ನಿನಗೆ ಶನಿವಾರ ಎಂದು ಬರೆಯುತ್ತಿರಲಿಲ್ಲ, ಬರೆದೆ ಎಂದೇ ಬರೆಯುತ್ತಿದ್ದೆ. ನೀನು ಮಾಡಲಾರೆ ಎಂದುಕೊಂಡಿದ್ದೆ. ನೀನು ಮಾಡಿದೆ. ಪೈಪಿಗೆ ಶಾಲು ಸುತ್ತಿ ಎಂದೂ ಅಂದೆ. ನನಗಾಗಿದ್ದರೆ ಅದು ಮನೆಗೆ ಬಂದ ಮೇಲೆ ಹೊಳೆಯುತ್ತಿತ್ತು.

ಒಂದು ತಾಸಿನ ಹಿಂದೆ ಆ ಕಚೇರಿಯಿಂದ ಫೋನ್ ಬಂದಿತ್ತು. ನೀರು ಪರೀಕ್ಷಿಸುವವರು ನಿಮ್ಮೂರಿಗೆ ಬರುತ್ತಾರೆ. ನನ್ನ ಪತ್ರ ಅವರ ಕೈಯಲ್ಲಿರುತ್ತದೆ, ಅದರಲ್ಲಿ ನಿನ್ನ ಹೆಸರಿದೆ, ಎರಡು ಕಡೆ. ಶನಿವಾರವೇ ಅಕ್ಕ ತಾನಾಗಿ ಪಂಚಾಯಿತಿಗೆ ತಿಳಿಸಿದ್ದಾಳೆ ಎಂದು ಹೇಳಿದೆ. "ಅದನ್ನ ಅಲ್ಲಿ ಬಂದು ನೋಡತೇವ್ರಿ" ಅಂದರು. ಅವರ ಬಾಯಿಂದ ಕೇಳುವ ಮೊದಲು ನೀನು ನನ್ನಿಂದ ಓದಬೇಕು.

ತಂಬಿಗೆಯನ್ನು ನಾನು ಇಟ್ಟುಕೊಳ್ಳುವುದಿಲ್ಲ. ಬೇಡವೆಂದಲ್ಲ. ಬಟ್ಟೆ ಕಟ್ಟುವಾಗ ಕೈ ಎರಡು ಸಲ ಗಂಟು ಬಿಚ್ಚಿತು. ಆದರೆ ಇಲ್ಲಿನ ನಳಕ್ಕೆ ಅದು ಬೇಕಾಗಿಲ್ಲ. ಅವ್ವ ಹೇಳಿದ ಹಾಗೆ ಸಂಜೆ ತುಂಬಿಟ್ಟು ಬೆಳಿಗ್ಗೆ ಕುಡಿ, ಕಾಯಿಸಿ ಆರಿಸಿದ ನೀರನ್ನೇ ತುಂಬು. ವಿರೂಪಾಕ್ಷ ಮಾವನಿಗೂ ಕುಡಿಸು. ಬಾಟ್ಲಿಯ ಹತ್ತಿರ ಮಾತ್ರ ಒಯ್ಯಬೇಡ. ನಿಮ್ಮ ಕೊನೆಯ ನಳ ಎರಡು ಸಲ ತಿಳಿಯಾದ ದಿನ ನಾನೇ ಬಂದು ತಂಬಿಗೆ ಕೇಳುತ್ತೇನೆ. ಆಗ ನೀನು ಕೊಡಬೇಕು.

ಎಂಟಕ್ಕೆ ಬಾ ಎಂದಿದ್ದೀ. ಇದನ್ನು ಓದಿದ ಮೇಲೂ ಬಾ ಎನ್ನುವುದಾದರೆ ಸುಭಾಸನ ಹತ್ತಿರ ಹೇಳಿ ಕಳಿಸು.

ನಾಳೆ ಬುಧವಾರ. ಈ ಪತ್ರ, ತಂಬಿಗೆಯ ಗಂಟು ಎರಡನ್ನೂ ಸುಭಾಸನ ಕೈಯಲ್ಲಿ ಕೊಡುತ್ತೇನೆ. ಸುಭಾಸನ ಬಸ್ಸು ಕಿತ್ತೂರಿನಿಂದ ಆರೂವರೆಗೆ ಹೊರಟು ಹತ್ತು ಗಂಟೆಗೆ ನಿಮ್ಮೂರ ಕ್ರಾಸಿನಲ್ಲಿ ನಿಲ್ಲುತ್ತದೆ. ಕಚೇರಿಯವರು ಹನ್ನೊಂದಕ್ಕೆ ಬರುತ್ತಾರೆ.

ಯಶೋಧಾ